ಹೆಣ್ಣು ನೋಡಲು ಬಂದವರು

ಸಿಯಾಲ್‌ಕೋಟ್ ಹತ್ತಿರದ ನಮ್ಮ ಕೋಟ್ಲಿ ನೂರಾಂ ಹಳ್ಳಿಯಲ್ಲಿ ಚೆಂಡಿನ ಕೊನೆಯ ಹೊಲಿಗೆ ಹಾಕುವುದರಲ್ಲಿ ಸುಗ್ರಾಂ ಬೀಬಿಯನ್ನು ಮೀರಿಸುವವರು ಇರಲಿಲ್ಲ. ಕಾಲ್ಚೆಂಡನ್ನು ಒಳಮಗ್ಗುಲಿನಿಂದ ಹೊಲಿಯುತ್ತಾ ಬರಬೇಕು. ಮುಕ್ಕಾಲು ಮುಗಿದ ಮೇಲೆ ಅದನ್ನು ತಿರುವಿ, ಒಳಗೆ ಗಾಳಿಚೀಲವನ್ನಿಟ್ಟರೆ ಒಂದು ಗೇಣಿನಷ್ಟು ಬಾಯಿ ಉಳಿಯುತ್ತದೆ. ಅದನ್ನು ಮುಚ್ಚುವಾಗ ಸೂಜಿ ಚೀಲಕ್ಕೆ ತಾಗಬಾರದು. ಗಂಟು ಹೊರಗೆ ಕಾಣಬಾರದು. ಉಳಿದ ಹೆಂಗಸರು ಆ ಒಂದು ಗೇಣಿಗೆ ಬಂದಾಗ ಮಾತು ನಿಲ್ಲಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ಸುಗ್ರಾಂ ಆಗಲೇ ಹೆಚ್ಚು ಮಾತನಾಡುತ್ತಿದ್ದಳು. ಯಾರ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದಳು, ಸಂಬ್ರಿಯಾಲ್ ಪೇಟೆಯಲ್ಲಿ ಸೌತೆಕಾಯಿ ಎಷ್ಟು ಅಗ್ಗವಾಯಿತು ಎಂದು ಹೇಳುತ್ತಾ ಹೇಳುತ್ತಾ ಚೆಂಡು ಮುಚ್ಚಿ ಮಂಚದ ಕೆಳಗೆ ಉರುಳಿಸುವಳು.

ಅವಳು ಹುಟ್ಟಿದ್ದು ಚಿನಾಬ್ ನದಿಯ ದಡದ ಒಂದು ಸಣ್ಣ ಊರಿನಲ್ಲಿ. ಹದಿನೈದಕ್ಕೆಲ್ಲ ಅಲ್ಲಾದಿತ್ತಾನ ಕೈಹಿಡಿದು ನಮ್ಮೂರಿಗೆ ಬಂದಳು. ಅವನು ಇಟ್ಟಿಗೆ ಭಟ್ಟಿಯಲ್ಲಿ ಬೆಂಕಿ ನೋಡಿಕೊಳ್ಳುವವನು. ಹೊಗೆ ಕುಡಿದು ಕುಡಿದು ಅವನ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವಂತಾದ ಮೇಲೆ ಮನೆಯ ಭಾರ ಸುಗ್ರಾಂಳ ಎರಡು ಸೂಜಿಗಳ ಮೇಲೆ ಬಿತ್ತು. ಆ ಮನೆತನದ ಹೆಂಗಸರು ಗಂಡಸರ ಜೊತೆಯಿಲ್ಲದೆ ಓಣಿಯ ತಿರುವು ದಾಟುವವರಲ್ಲ. ಆದರೆ ಚೆಂಡಿನ ಕೆಲಸ ಬಾಗಿಲಿಗೇ ಬರುತ್ತಿತ್ತು. ಕಂಪನಿಯ ಗುತ್ತಿಗೆದಾರ ಇನಾಯತ್ ತನ್ನ ಮೋಟಾರ್ ಸೈಕಲ್ಲಿನ ಹಿಂದೆ ಕತ್ತರಿಸಿದ ತುಂಡುಗಳ ಮೂಟೆ ಕಟ್ಟಿಕೊಂಡು ಬಂದು ಹೊಸಿಲಲ್ಲಿ ಇಳಿಸಿ, ಹೊಲಿದ ಚೆಂಡುಗಳನ್ನು ಬಲೆಯ ಚೀಲದಲ್ಲಿ ತುಂಬಿಕೊಂಡು ಹೋಗುವನು. ಸುಗ್ರಾಂ ಮರದ ಇಕ್ಕಳವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಮೇಣ ಸವರಿದ ದಾರವನ್ನು ಎರಡೂ ಕೈಗಳಿಂದ ಅಗಲಕ್ಕೆ ಎಳೆಯುತ್ತಿದ್ದರೆ ದೊಡ್ಡದೊಂದು ಹಕ್ಕಿ ರೆಕ್ಕೆ ಬಿಚ್ಚಿ ಮುಚ್ಚಿ ಮಾಡುತ್ತಿರುವಂತೆ ಕಾಣುತ್ತಿತ್ತು.

ಮೊದಲೆರಡು ಮಕ್ಕಳು ಉಳಿಯಲಿಲ್ಲ. ಮೂರನೆಯವಳು ರಿಫತ್. ಈ ಮಗಳಿಗೆ ಸುಗ್ರಾಂ ಸೂಜಿ ಮುಟ್ಟಲು ಬಿಟ್ಟವಳಲ್ಲ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಉಪಾಧ್ಯಾಯಿನಿ. ರಿಫತ್‌ಳನ್ನು ಸೇರಿಸಲು ಗಂಡನ ಜೊತೆ ಬಂದ ದಿನ ಸುಗ್ರಾಂ ತನ್ನ ತೋರುಬೆರಳನ್ನು ನನ್ನ ಮುಂದೆ ಚಾಚಿದಳು. ದಾರ ಎಳೆದು ಎಳೆದು ಅದು ಕುಡುಗೋಲಿನಂತೆ ಬಾಗಿತ್ತು.

"ನೋಡಿ ಉಸ್ತಾನಿ ಜೀ, ಇಂಥ ಬೆರಳು ಒಂದು ಮನೇಲಿ ಒಂದು ಜೊತೆ ಇದ್ರೆ ಸಾಕು. ಇವಳ ಕೈಗೆ ನೀವು ಸೀಮೆಸುಣ್ಣ ಕೊಡಿ."

ನಮ್ಮದು ಎಂಟನೆಯ ತರಗತಿಯವರೆಗಿನ ಶಾಲೆ. ಆಮೇಲೆ ಓದಲು ಮನಸ್ಸಿದ್ದ ಮೂವರು ಹುಡುಗಿಯರನ್ನು ನಾನು ನನ್ನ ಮನೆಯ ಅಂಗಳದಲ್ಲಿ ಕೂರಿಸಿಕೊಂಡು ಮೆಟ್ರಿಕ್‌ಗೆ ಸಿದ್ಧಮಾಡುತ್ತಿದ್ದೆ. ಅವರಲ್ಲಿ ರಿಫತ್ ಒಬ್ಬಳು. ಲೆಕ್ಕದಲ್ಲಿ ಚುರುಕು, ಬರವಣಿಗೆಯಲ್ಲಿ ಅಚ್ಚುಕಟ್ಟು. ನನ್ನ ನಿವೃತ್ತಿ ಹತ್ತಿರವಾಗಿತ್ತು. ಊರಿನಲ್ಲೇ ಮೆಟ್ರಿಕ್ ಆದ ಹುಡುಗಿ ಇದ್ದರೆ ಇಲಾಖೆಯವರು ಕೆಲಸವನ್ನು ಅವಳಿಗೇ ಕೊಡುತ್ತಿದ್ದ ಕಾಲವದು. ನನ್ನ ಕುರ್ಚಿಯಲ್ಲಿ ರಿಫತ್ ಕೂರಬೇಕೆಂದು ನಾನೂ ಸುಗ್ರಾಂಳೂ ಒಪ್ಪಂದ ಮಾಡಿಕೊಂಡವರಂತೆ ಕಾಯುತ್ತಿದ್ದೆವು.

ಎಲ್ಲ ಮನೆಗಳೂ ಹೀಗಿದ್ದವೆಂದು ಹೇಳಿದರೆ ಸುಳ್ಳಾಗುತ್ತದೆ. ಗೋಡೆಯಾಚೆಗೇ ಸುಗ್ರಾಂಳ ವಾರಗಿತ್ತಿ ಬಶೀರಾಂ ಇದ್ದಳು. ಅವಳ ಮೂವರು ಮಕ್ಕಳೂ ಹೊಲಿಯುತ್ತಿದ್ದರು. ಒಂಬತ್ತು ವರ್ಷದ ಕಿರಿಯವಳ ಬೆರಳಿಗೆ ಯಾವಾಗಲೂ ಚಿಂದಿ ಸುತ್ತಿರುತ್ತಿತ್ತು. ನಾನು ಗದರಿಸಿದರೆ ಬಶೀರಾಂ ನಗುವಳು.

"ನಿಮ್ಮ ಅಕ್ಷರಾನ ಬೇಯಿಸಿ ಉಪ್ಪು ಹಾಕ್ಕೊಂಡು ತಿನ್ನೋಕಾಗತ್ತಾ ಉಸ್ತಾನಿ ಜೀ? ಆಗೋದಾದ್ರೆ ಹೇಳಿ, ನಾಳೆನೇ ಕಳಿಸ್ತೀನಿ, ಒಂದು ಬೋಗುಣೀನೂ ಕೊಟ್ಟು."

ಹೀಗಿರುವಾಗ ಸಮುದ್ರದಾಚೆಯ ದೇಶಗಳು ಒಂದು ನಿಯಮ ಮಾಡಿದವೆಂದು ಸುದ್ದಿ ಬಂತು. ಇನಾಯತ್ ಹೆಂಗಸರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ತಿಳಿಸಿ ಹೇಳಿದ.

"ನಮ್ಮ ಚೆಂಡಿಗೆ ಅಲ್ಲಿನ ಸರ್ಕಾರ ಸುಂಕ ಬಿಟ್ಟಿದೆ. ಅದಕ್ಕೇ ನಮ್ಮ ಮಾಲು ಅಲ್ಲಿ ಓಡ್ತಿರೋದು. ಇನ್ಮೇಲೆ ಹದಿನಾಲ್ಕು ತುಂಬದ ಮಗು ಚೆಂಡು ಮುಟ್ಟಿದ್ದು ಗೊತ್ತಾದ್ರೆ ಸುಂಕ ವಾಪಸ್ ಬೀಳತ್ತೆ, ಕೊಳ್ಳೋರು ಬೇರೆ ದೇಶಕ್ಕೆ ಹೋಗ್ತಾರೆ. ರಸ್ತೆ ಬದೀಲಿ ಹೊಲಿಗೆ ಕೇಂದ್ರ ಕಟ್ತಿದ್ದಾರೆ. ಅಲ್ಲೀತನಕ ಯಾವ ಊರು ಸ್ವಚ್ಛವಾಗಿದೆಯೋ ಆ ಊರಿನ ಮನೆಗಳಿಗೆ ಮಾತ್ರ ಕೆಲಸ. ನೋಡೋಕೆ ಜನ ಬರ್ತಾರೆ. ಯಾವಾಗ ಬರ್ತಾರೆ, ಯಾರು ಬರ್ತಾರೆ, ನನಗೂ ಹೇಳಲ್ಲ. ಬಶೀರಾಂ, ಕೇಳಿಸ್ತಾ?"

"ನನ್ನ ಹೆಸರೇ ಯಾಕೆ ಹಿಡೀತೀಯೋ, ಮೀಸೆ ಉದುರಿದವನೇ?" ಎಂದಳು ಬಶೀರಾಂ. ಎಲ್ಲರೂ ನಕ್ಕರು. ನನಗಂತೂ ಸಂತೋಷವಾಯಿತು. ಆ ಚಿಂದಿ ಸುತ್ತಿದ ಬೆರಳು ಕಡೆಗೂ ಬಳಪ ಹಿಡಿಯುತ್ತದೆ ಎಂದುಕೊಂಡೆ.

ಆ ಶರತ್ಕಾಲದಲ್ಲೇ ರಿಫತ್‌ಳಿಗೆ ಡಸ್ಕಾ ಪಟ್ಟಣದಿಂದ ಒಂದು ಸಂಬಂಧದ ಮಾತು ಬಂದಿತ್ತು. ಹುಡುಗ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಓದು ಬಲ್ಲ ಹೆಣ್ಣು ಬೇಕು, ಮದುವೆ ಪರೀಕ್ಷೆಯಾದ ಮೇಲೇ ಆಗಲಿ ಎಂದಿದ್ದರಂತೆ. ಸಂಬಂಧ ತಂದವಳು ಊರಿನ ನಾಯಿಂದನ ಹೆಂಡತಿ. ಅವಳು ಸುಗ್ರಾಂಳ ಕಿವಿಯಲ್ಲಿ ಒಂದು ಮಾತು ಹಾಕಿಹೋಗಿದ್ದಳು: "ಈ ವಾರದಲ್ಲಿ ಯಾವತ್ತಾದ್ರೂ ಬರ್ತಾರೆ. ವಯಸ್ಸಿನ ವಿಷಯದಲ್ಲಿ ಜಾಣೆಯಾಗಿರು. ಹೋದ ತಿಂಗಳು ಹದಿನೇಳರ ಹುಡುಗೀನ ಬಲಿತುಹೋಗಿದೆ ಅಂತ ಬಿಟ್ಟು ಬಂದೋರು ಅವರು."

ನಮ್ಮ ಕಡೆ ಹೆಣ್ಣು ನೋಡುವ ಕ್ರಮವನ್ನು ಇಲ್ಲಿ ಒಂದು ಮಾತು ಹೇಳಬೇಕು. ಅಂದು ತಟ್ಟೆಯಲ್ಲಿ ಏನಿದ್ದರೂ ಅದು ಹುಡುಗಿ ಮಾಡಿದ್ದೇ. ಸಮೋಸ ಪೇಟೆಯಿಂದ ಬಂದಿರಬಹುದು, ಅದನ್ನು ಹುಡುಗಿ ಕರಿದಳು. ಹಾಸಿಗೆಯ ಮೇಲಿನ ಕಸೂತಿಯ ಹೊದಿಕೆ ನೆರೆಮನೆಯ ಎರವಲು, ಅದನ್ನು ಹುಡುಗಿ ಹೊಲಿದಳು. ಎಮ್ಮೆ ಹಾಲು ಕೊಡುವುದೂ ಅವಳ ಕೈಗುಣದಿಂದ. ತಾಯಿ ಹಾಗೆ ಹೇಳದಿದ್ದರೆ ಹುಡುಗಿಯಲ್ಲಿ ಏನೋ ಊನವಿದೆಯೆಂದೇ ಅರ್ಥ. ಬಂದವರಿಗೂ ಇದು ಗೊತ್ತು; ಹೇಳಿದ ಗುಣದಲ್ಲಿ ಅರ್ಧ ಕಳೆದು, ಹೇಳಿದ ವಯಸ್ಸಿಗೆ ಮೂರು ಕೂಡಿಸಿ ಮನೆಗೆ ಹೋಗುತ್ತಾರೆ. ಯಾರಿಗೂ ಮೋಸವಾಗುವುದಿಲ್ಲ.

ಆ ಬುಧವಾರ ನಾನು ಶಾಲೆಯಲ್ಲಿದ್ದೆ. ನಡೆದುದನ್ನು ಸುಗ್ರಾಂ, ರಿಫತ್, ಗೋಡೆಯಾಚೆಯಿಂದ ಕೇಳಿಸಿಕೊಂಡ ಬಶೀರಾಂ, ಮೂವರೂ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಆ ಮಂಚದ ಮೇಲೆ ಕುಳಿತಿದ್ದೆನೋ ಎನ್ನಿಸುತ್ತದೆ.

ಬಿಳಿ ಕಾರೊಂದು ಓಣಿಯ ಬಾಯಿಯಲ್ಲಿ ನಿಂತಿತು. ಅದರಿಂದ ಇಬ್ಬರು ಹೆಂಗಸರು ಇಳಿದರು. ಒಬ್ಬಾಕೆ ನಡುವಯಸ್ಸಿನವಳು, ಇನ್ನೊಬ್ಬಳು ಕಿರಿಯಳು. ಕಾರು ಕಂಡದ್ದೇ ತಡ, ಬಶೀರಾಂ ತನ್ನ ಮೂವರನ್ನೂ ಮಾಳಿಗೆ ಹತ್ತಿಸಿ, ಇಕ್ಕಳ ಸೂಜಿಗಳನ್ನು ಹಿಟ್ಟಿನ ಡಬ್ಬಿಗೆ ತುರುಕಿ, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಹಿತ್ತಿಲ ಕಡೆಯಿಂದ ಒಳಸೇರಿ ಕುಳಿತಳು. ಬಂದವರು ಆ ಬೀಗವನ್ನು ನೋಡಿ ಮುಂದಿನ ಬಾಗಿಲು ತಟ್ಟಿದರು. ಕಿರಿಯಳ ಕೈಯಲ್ಲಿ ಮಿಠಾಯಿಯ ಪೆಟ್ಟಿಗೆಯಿತ್ತು. ಪರರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ತಂದಿದ್ದಳಂತೆ, ಪಾಪ.

ಸುಗ್ರಾಂ ಮಿಠಾಯಿಯನ್ನು ನೋಡಿದಳು. ಒಳ್ಳೆಯ ಬಟ್ಟೆಯನ್ನು ನೋಡಿದಳು. "ಡಸ್ಕಾ ಕಡೆಯಿಂದ ಬಂದ್ರಾ?" ಎಂದು ಕೇಳಿದಳು.

"ಹೌದು ತಾಯಿ, ಆ ದಾರೀಲೇ ಬಂದ್ವಿ. ಸ್ವಲ್ಪ ಹೊತ್ತು ಕೂತು ಮಾತಾಡಬಹುದಾ?"

ಅಷ್ಟು ಸಾಕಾಯಿತು. ಸುಗ್ರಾಂ ಮಂಚದ ಮೇಲೆ ಹೊಸ ಹೊದಿಕೆ ಹಾಸಿದಳು. ಗಂಡನಿಗೆ ಕಣ್ಣುಸನ್ನೆ ಮಾಡಿದಳು; ಅವನು ಕೆಮ್ಮು ನುಂಗಿಕೊಂಡು ಹಿಂದಿನ ಕೋಣೆಗೆ ಸರಿದ. ಮಗಳಿಗೆ ತಿಳಿನೀಲಿಯ ದುಪಟ್ಟಾ ಹೊದಿಸಿ ತಟ್ಟೆ ಹಿಡಿಸಿದಳು. ನೋಡಲು ಬಂದವರ ಮುಂದೆ ಹೆಣ್ಣು ಬಾಯಿ ಬಿಡುವ ರೂಢಿಯಿಲ್ಲ. ರಿಫತ್ ಚಹಾ ಇಟ್ಟು, ನೆಲ ನೋಡುತ್ತಾ ನಿಂತಳು.

ನಡುವಯಸ್ಸಿನಾಕೆ ಕೇಳಿದಳು: "ಇವಳು ನಿಮ್ಮ ಮಗಳಾ? ವಯಸ್ಸೆಷ್ಟು?"

"ಈ ಚಳಿಗಾಲಕ್ಕೆ ಹದಿನಾಲ್ಕಕ್ಕೆ ಬೀಳ್ತಾಳೆ ಬಾಜಿ," ಎಂದಳು ಸುಗ್ರಾಂ, ಸ್ವಂತ ಅಕ್ಕನನ್ನು ಕರೆಯುವಂತೆ. "ನೋಡೋಕೆ ಸ್ವಲ್ಪ ಎತ್ತರ, ನಮ್ಮ ಅಪ್ಪನ ಹಾಗೆ." ರಿಫತ್‌ಳಿಗೆ ಹದಿನಾರು ತುಂಬಿ ಐದಾರು ತಿಂಗಳಾಗಿತ್ತು.

"ಮನೇಲಿ ಏನು ಕೆಲಸ ಮಾಡ್ತಾಳೆ?"

"ಏನು ಮಾಡಲ್ಲ ಕೇಳಿ! ರೊಟ್ಟಿ ಅವಳದೇ, ಸೊಪ್ಪಿನ ಸಾಗು ಅವಳದೇ, ಈ ಸಮೋಸ ಅವಳೇ ಕರಿದಿದ್ದು."

"ಮತ್ತೆ ಈ ಚೆಂಡುಗಳು?" ಮಂಚದ ಕೆಳಗೆ ಸುಗ್ರಾಂ ಬೆಳಗಿನಿಂದ ಹೊಲಿದಿಟ್ಟಿದ್ದ ಚೆಂಡುಗಳಿದ್ದವು.

ಇಲ್ಲಿ ಸುಗ್ರಾಂಳಿಗೆ ಉತ್ಸಾಹ ಬಂತು. "ಅದೆಲ್ಲಾ ಇವಳ ಕೈದೇ! ನಾನು ಮುದುಕಿ, ನನಗೆಲ್ಲಿ ಬರತ್ತೆ? ಬೆಳಗಿನ ನಮಾಜಿಗೆ ಎದ್ದೋಳು ಸೂಜಿ ಹಿಡಿದ್ರೆ ಹೊತ್ತು ಮುಳುಗೋ ತನಕ ತಲೆ ಎತ್ತಲ್ಲ. ಓದೋದು ಆಮೇಲೆ. ಕೊನೇ ಹೊಲಿಗೆ ಇದ್ಯಲ್ಲ ಬಾಜಿ, ಅದನ್ನ ಕಣ್ಣು ಮುಚ್ಚಿ ಹಾಕ್ತಾಳೆ!"

"ಎಷ್ಟು ವರ್ಷದಿಂದ?"

"ಅಯ್ಯೋ, ಹಾಲು ಬಿಟ್ಟಾಗ್ಲಿಂದ ಅನ್ನಿ! ಬೇರೆ ಮಕ್ಕಳು ಗೊಂಬೆ ಹಿಡಿದ್ರೆ ಇವಳು ಇಕ್ಕಳ ಹಿಡಿದ್ಲು."

ಕಿರಿಯಳು ರಿಫತ್‌ಳ ಕೈಯನ್ನು ಮೆಲ್ಲಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಬೆರಳುಗಳು ಕಪ್ಪಾಗಿದ್ದವು. ಅದು ಹಿಂದಿನ ದಿನ ನಾನು ಕೊಟ್ಟಿದ್ದ ನಕಲು ಬರವಣಿಗೆಯ ಮಸಿ. ದಾರದ ಮೇಣವೂ ಹಾಗೇ ಕಪ್ಪು ಹಿಡಿಸುತ್ತದೆ.

"ಮಗು, ನಿಜವಾಗ್ಲೂ ನೀನೇ ಹೊಲೀತೀಯಾ?"

ತಾಯಿ ಹೊಗಳುವಾಗ ಮಗಳು ಅಲ್ಲವೆನ್ನುವುದುಂಟೆ? ರಿಫತ್ ಕೊರಳು ತಗ್ಗಿಸಿ ಹೂಂಗುಟ್ಟಿದಳು. ನಡುವಯಸ್ಸಿನಾಕೆಯ ಕಣ್ಣು ತುಂಬಿಬಂತಂತೆ. ಏಳುವಾಗ ಹುಡುಗಿಯ ತಲೆ ಸವರಿ, ಚೀಲದಿಂದ ಒಂದು ಹೊಸ ಪೆನ್ನು ತೆಗೆದು ಅವಳ ಕೈಗಿಟ್ಟಳಂತೆ. ಅತ್ತೆಯಾಗುವವಳ ಮನಸ್ಸು ಕರಗಿತು ಎಂದುಕೊಂಡು ಸುಗ್ರಾಂ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟಳು.

ಸಂಜೆ ಪಾಠ ಹೇಳಿಸಿಕೊಳ್ಳಲು ಬಂದ ರಿಫತ್ ನನ್ನ ಮುಂದೆ ಮುಖ ಮುಚ್ಚಿಕೊಂಡು ನಕ್ಕಳು. "ಉಸ್ತಾನಿ ಜೀ, ಅಮ್ಮಿ ಇವತ್ತು ನನ್ನನ್ನ ಎಂಥ ಕೆಲಸಗಾತಿ ಮಾಡಿಬಿಟ್ರು ಗೊತ್ತಾ? ಎಮ್ಮೆ ಒಂದು ನಾನು ಹೆತ್ತಿಲ್ಲ ಅಷ್ಟೇ."

ಶುಕ್ರವಾರ ನಿಜವಾದ ಡಸ್ಕಾದವರು ಟಾಂಗಾದಲ್ಲಿ ಬಂದಿಳಿದರು. ಹಾಗಾದರೆ ಮೊನ್ನೆ ಬಂದವರು ಯಾರೆಂಬ ಪ್ರಶ್ನೆ ಸುಗ್ರಾಂಳ ಎದೆಯಲ್ಲಿ ಚುಚ್ಚಿತು. ಆದರೂ ಅವೇ ಹೊಗಳಿಕೆಗಳನ್ನು ಹೇಳಿ ಬಂದವರನ್ನು ಉಪಚರಿಸಿದಳು. ಉತ್ತರ ಸಿಕ್ಕಿದ್ದು ಮುಂದಿನ ವಾರ, ಇನಾಯತ್ ಖಾಲಿ ಮೋಟಾರ್ ಸೈಕಲ್ಲಿನಲ್ಲಿ ಬಂದಾಗ. ಅವನ ಮುಖ ಸುಟ್ಟ ರೊಟ್ಟಿಯಂತಾಗಿತ್ತು.

"ಕೋಟ್ಲಿ ನೂರಾಂ ಮುಗೀತು. ತಪಾಸಣೆಯೋರು ಬಂದಿದ್ರು. ಒಂದು ಮನೇಲಿ ಹದಿಮೂರು ವರ್ಷದ ಮಗು ಬೆಳಗಿಂದ ಸಂಜೆ ತನಕ, ಎಳೇ ವಯಸ್ಸಿಂದ ಹೊಲೀತಿದೆ ಅಂತ ತಾಯೀನೇ ಬಾಯಿಬಿಟ್ಟು ಹೇಳಿದ್ದಾಳೆ. ಒಂದು ಮನೆ ಅಂದ್ರೆ ಇಡೀ ಊರು ಅಂತ ಲೆಕ್ಕ. ಇನ್ನು ಇಲ್ಲಿ ಒಂದು ತುಂಡು ಇಳಿಸಿದ್ರೂ ಕಂಪನಿ ನನ್ನ ತಲೆ ತೆಗೆಯತ್ತೆ. ಸುಗ್ರಾಂ ಭಾಬಿ, ನಿಮಗೆ ನಾನೇನು ಅನ್ಯಾಯ ಮಾಡಿದ್ದೆ?"

ಬಶೀರಾಂ ಸೊಂಟಕ್ಕೆ ಕೈಯಿಟ್ಟು ಓಣಿಯಲ್ಲಿ ನಿಂತಳು.

"ಮಕ್ಕಳ ಕೈಲಿ ಹೊಲಿಸಿದೋಳು ನಾನು, ಬಾಯಿ ಮುಚ್ಕೊಂಡು ಬಚ್ಚಿಟ್ಕೊಂಡೆ. ಸೂಜಿ ಮುಟ್ಟಿಸದೋಳು ನೀನು, ಕರೆದು ಕೂರಿಸಿ ಸಮೋಸ ಕೊಟ್ಟು ಹೇಳಿದೆ! ನಿನ್ನ ಮಗಳ ಹೆಚ್ಚುಗಾರಿಕೆ ನಲವತ್ತು ಮನೆ ಒಲೆಗೆ ನೀರು ಹುಯ್ತಲ್ಲೇ, ಬಾಯಿಬಡುಕಿ!"

ಸುಗ್ರಾಂ ಆ ರಾತ್ರಿ ಒಲೆ ಹಚ್ಚಲಿಲ್ಲ. ಬೆಳಗ್ಗೆ ನನ್ನ ಬಾಗಿಲಿಗೆ ಬಂದಳು, ಒಬ್ಬಳೇ, ಓಣಿಯ ತಿರುವು ದಾಟಿ. "ನನ್ನನ್ನ ಸಿಯಾಲ್‌ಕೋಟ್‌ಗೆ ಕರ್ಕೊಂಡು ಹೋಗಿ ಉಸ್ತಾನಿ ಜೀ. ನಾನು ಹೇಳಿದ್ದು ಸುಳ್ಳು ಅಂತ ಅವರ ಮುಂದೇನೇ ಹೇಳ್ತೀನಿ."

"ಡಸ್ಕಾದವರಿಗೆ ಗೊತ್ತಾದ್ರೆ? ಹುಡುಗಿಗೆ ಹದಿನಾರು, ಕೈಕೆಲಸ ಬರಲ್ಲ ಅಂತ ನೀನೇ ಊರ ಮುಂದೆ ಹೇಳಿದ ಹಾಗಾಗತ್ತೆ."

"ಗೊತ್ತಾಗ್ಲಿ. ಚೆಂಡು ನಿಂತ್ರೆ ಪರೀಕ್ಷೆ ನಿಲ್ಲತ್ತೆ. ಸಂಬಂಧ ಇವತ್ತಲ್ಲ ನಾಳೆ ಬರತ್ತೆ."

ರಿಫತ್‌ಳನ್ನೂ ಕರೆದುಕೊಂಡು ನಾವು ಮೂವರೂ ಹೋದೆವು. ನಾನು ರಿಫತ್‌ಳ ಶಾಲೆಯ ಪ್ರಮಾಣಪತ್ರವನ್ನು ಇಟ್ಟುಕೊಂಡಿದ್ದೆ. ತಪಾಸಣೆಯ ಕಚೇರಿಯಲ್ಲಿದ್ದ ಅಧಿಕಾರಿ ಒರಟನಲ್ಲ. ಎದ್ದು ನಿಂತು ಕುರ್ಚಿ ಕೊಟ್ಟ, ನೀರು ತರಿಸಿದ. ಸುಗ್ರಾಂ ಬುರ್ಖಾದ ಒಳಗಿನಿಂದಲೇ ಎಲ್ಲವನ್ನೂ ಹೇಳಿದಳು: ಮಿಠಾಯಿ ಪೆಟ್ಟಿಗೆ, ಡಸ್ಕಾ, ನೀಲಿ ದುಪಟ್ಟಾ. ಅವನು ಕೊನೆಯವರೆಗೂ ಕೇಳಿದ.

"ಅಮ್ಮಾ, ಪ್ರತಿ ಊರಿನಿಂದಲೂ ತಾಯಂದಿರು ಹೀಗೇ ಬರ್ತಾರೆ. ಕೆಲಸ ಹೋದ ಮೇಲೆ ಗುತ್ತಿಗೆದಾರ ಹೇಳಿಕೊಟ್ಟು ಕಳಿಸ್ತಾನೆ. ಮೊದಲ ದಿನ ಭಯವಿಲ್ಲದೆ ಆಡಿದ ಮಾತನ್ನೇ ನಾವು ನಂಬಬೇಕು, ಅದು ನಿಯಮ. ಇಲ್ಲದಿದ್ರೆ ಒಂದು ಮಗುವನ್ನೂ ಉಳಿಸೋಕಾಗಲ್ಲ."

ನಾನು ಪ್ರಮಾಣಪತ್ರವನ್ನು ಮುಂದಿಟ್ಟೆ. ಅವನು ನೋಡಿ ಹಿಂದಕ್ಕೆ ಸರಿಸಿದ. "ಹಳ್ಳಿ ಶಾಲೇಲಿ ವಯಸ್ಸು ಹೇಗೆ ಬರೆಸ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮೇಡಂ?"

ಸುಗ್ರಾಂ ಥಟ್ಟನೆ ಎದ್ದಳು. ಮುಖದ ಪರದೆಯನ್ನು ಸರಿಸಿಬಿಟ್ಟಳು. ಪರಗಂಡಸಿನ ಮುಂದೆ ಅವಳು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಒಂದು ಚೆಂಡು ತರಿಸಿ ಸಾಹೇಬ್ರೇ. ಇಲ್ಲೇ ನಿಮ್ಮ ಕಣ್ಣ ಮುಂದೆ ಇವಳಿಗೆ ಕೊಡಿ. ಇವಳಿಗೆ ಸೂಜಿಗೆ ದಾರ ಏರಿಸೋಕೂ ಬರಲ್ಲ! ದಡ್ಡಿ ಇವಳು, ಕೈಲಾಗದೋಳು! ರೊಟ್ಟಿ ಮಾಡಿದ್ರೆ ನಮ್ಮ ದೇಶದ ನಕ್ಷೆ ಆಗತ್ತೆ, ಕೇಳಿ ಬೇಕಾದ್ರೆ! ಹೇಳೇ ರಿಫತ್, ಹೇಳು!"

"ಬರಲ್ಲ ಸರ್, ನನಗೆ ಏನೂ ಬರಲ್ಲ," ಎಂದಳು ರಿಫತ್. ನಗುತ್ತಿದ್ದಳೋ ಅಳುತ್ತಿದ್ದಳೋ ಪರದೆಯ ಹಿಂದೆ ತಿಳಿಯಲಿಲ್ಲ.

ಅಧಿಕಾರಿ ಮೇಜನ್ನು ನೋಡುತ್ತಾ ಹೇಳಿದ: "ಬರತ್ತೆ ಅಂತ ತೋರಿಸಬಹುದು ಅಮ್ಮಾ. ಬರಲ್ಲ ಅಂತ ಹೇಗೆ ತೋರಿಸ್ತೀರಿ? ಬರದ ಹಾಗೆ ಕೂರೋದು ಯಾವ ಮಗುವಿಗೆ ಕಷ್ಟ?"

ನಾನು ಪ್ರಮಾಣಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಮೂವರೂ ಬಸ್ಸು ಹತ್ತಿ ಊರಿಗೆ ಬಂದೆವು.

ಡಸ್ಕಾದವರಿಗೆ ಸುದ್ದಿ ಮುಟ್ಟಿತು. ನಾಯಿಂದನ ಹೆಂಡತಿಯ ಕೈಯಲ್ಲಿ 'ಬೇಡ' ಎಂದು ಹೇಳಿಕಳಿಸಿದರು. ಅದನ್ನು ಸುಗ್ರಾಂ ದೊಡ್ಡದು ಮಾಡಲಿಲ್ಲ. ದೊಡ್ಡದಾದದ್ದು ಓಣಿಯ ಮೌನ. ಕೊಳಾಯಿಯ ಬಳಿ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಹೆಂಗಸರಲ್ಲಿ ಅರ್ಧ ಜನ ಭಟ್ಟಿಗೆ ಹೋಗಲು ತೊಡಗಿದರು. ಮನೆಯೊಳಗೆ ಕುಳಿತು ಹೊಲಿಯುತ್ತಿದ್ದವರು ಚಳಿಗಾಲದ ಮಂಜಿನಲ್ಲಿ ಬಯಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹಸಿ ಇಟ್ಟಿಗೆ ಅಚ್ಚು ಹಾಕುತ್ತಿದ್ದರು. ಬಶೀರಾಂಳ ಮೂವರು ಮಕ್ಕಳೂ ಅಲ್ಲಿದ್ದರು. ಶಾಲೆಗೆ ಕಳಿಸೆಂದು ಹೇಳಲು ನಾನು ಭಟ್ಟಿಯವರೆಗೂ ಹೋದೆ. ಚಿಂದಿ ಸುತ್ತಿದ ಬೆರಳಿನ ಆ ಕಿರಿಯವಳು ಮಂಡಿಯವರೆಗೆ ಕೆಸರಿನಲ್ಲಿ ನಿಂತು ಮಣ್ಣು ತುಳಿಯುತ್ತಿದ್ದಳು.

"ಇಲ್ಲಿ ಯಾರೂ ನೋಡೋಕೆ ಬರಲ್ವಾ?" ಎಂದೆ.

"ಯಾಕೆ ಬರ್ತಾರೆ?" ಎಂದಳು ಬಶೀರಾಂ. "ಇಟ್ಟಿಗೆ ಏನು ಸಮುದ್ರ ದಾಟತ್ತಾ? ದಾಟೋ ಸಾಮಾನು ಮಾಡೋ ಮಕ್ಕಳು ಮಾತ್ರ ಅವರಿಗೆ ಮಕ್ಕಳು. ನೀವೇ ಹೇಳಿ, ಸುಳ್ಳಾ?"

ಸುಗ್ರಾಂಳೂ ಭಟ್ಟಿಗೆ ಹೋದಳು. ಮಗಳಿಗೆ ಒಂದೇ ಮಾತು: "ಪರೀಕ್ಷೆ ಮುಗಿಯೋ ತನಕ ನೀನು ಈ ಅಂಗಳ ಬಿಟ್ಟು ಉಸ್ತಾನಿ ಜೀ ಅಂಗಳಕ್ಕೆ ಮಾತ್ರ ಹೋಗು. ಮಿಕ್ಕಿದ್ದು ನಾನು ನೋಡ್ಕೋತೀನಿ." ಗಂಡ ಕೆಮ್ಮುತ್ತಾ, "ನಮ್ಮ ಮನೆ ಹೆಂಗಸು ಬಯಲಲ್ಲಿ ಕೂತು ಮಣ್ಣು ಮಿದೀತಾಳೆ," ಎಂದು ಗೊಣಗಿದರೆ, "ನಿನ್ನ ಮಾನ ಬೇಯಿಸಿ ಹಾಕ್ಲಾ, ಉಣ್ತೀಯಾ?" ಎಂದು ಕೇಳುವಳು. ಅದರಲ್ಲಿ ಮೊದಲಿನ ಸುಗ್ರಾಂ ಸ್ವಲ್ಪ ಕಾಣಿಸುವಳು. ಆದರೆ ಅವಳ ಕೈ ಮಣ್ಣಿಗೆ ಪಳಗಿದ್ದಲ್ಲ. ಬಾಗಿದ ಬೆರಳು ಅಚ್ಚಿನ ಚೌಕಟ್ಟನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಬೇರೆಯವರ ಅರ್ಧದಷ್ಟೂ ಇಟ್ಟಿಗೆ ಅವಳಿಂದ ಆಗುತ್ತಿರಲಿಲ್ಲ. ಅಂಗೈ ಬಿರಿದು, ಬಿರುಕಿನಲ್ಲಿ ಮಣ್ಣು ಕೂತು ಕೀವಾಯಿತು. ಮಾಘದ ಮಂಜು ಕವಿದ ದಿನಗಳಲ್ಲಿ ಜ್ವರ ಹಿಡಿಯಿತು. ಜ್ವರದಲ್ಲೇ ಭಟ್ಟಿಗೆ ಹೋಗುತ್ತಿದ್ದಳು. ಒಂದು ದಿನ ಭಟ್ಟಿಯಿಂದ ಅವಳನ್ನು ಮಂಚದ ಮೇಲೆ ಹೊತ್ತು ತಂದರು. ಹೊತ್ತವರಲ್ಲಿ ಬಶೀರಾಂಳೂ ಒಬ್ಬಳು ಎಂಬುದನ್ನು ಹೇಳಲೇಬೇಕು.

ಆ ವೇಳೆಗೆ ರಸ್ತೆ ಬದಿಯ ಹೊಲಿಗೆ ಕೇಂದ್ರ ತೆರೆದಿತ್ತು. ಒಳ್ಳೆಯ ಕಟ್ಟಡ, ದೊಡ್ಡ ಕಿಟಕಿಗಳು, ಕುಡಿಯುವ ನೀರು, ಹೆಂಗಸರಿಗೆ ಬೇರೆ ಕೋಣೆ. ಊರಿಂದೂರಿಗೆ ವ್ಯಾನು ತಿರುಗುತ್ತಿತ್ತು; ತಡೆಯಿದ್ದದ್ದು ಮನೆಯಲ್ಲಿ ಹೊಲಿಯುವುದಕ್ಕೆ ಮಾತ್ರ, ಹಾಗಾಗಿ ನಮ್ಮೂರಿಗೂ ಬರುತ್ತಿತ್ತು. ಭಟ್ಟಿ ಊರ ಅಂಚಿನಲ್ಲೇ ಇತ್ತು; ಮನೆ ಮಕ್ಕಳನ್ನು ಬಿಟ್ಟು ದಿನವಿಡೀ ದೂರ ಇರಲು ಮದುವೆಯಾದ ಹೆಂಗಸರನ್ನು ಮನೆಯವರು ಕಳಿಸಲಿಲ್ಲ. ಹಾಗಾಗಿ ಹೋದವರೆಲ್ಲ ಹುಡುಗಿಯರೇ. ತಾಯಿ ಹಾಸಿಗೆ ಹಿಡಿದ ನಾಲ್ಕನೆಯ ದಿನ ರಿಫತ್ ನನ್ನ ಬಳಿ ಬಂದು ಶಾಲೆಯ ಪ್ರಮಾಣಪತ್ರ ಕೇಳಿದಳು. ನಾನು ಕೊಡಲು ಹಿಂದೆಮುಂದೆ ನೋಡಿದೆ.

"ಕೊಡಿ ಉಸ್ತಾನಿ ಜೀ. ಅಮ್ಮಿಗೆ ಔಷಧಿ ಬೇಕು, ಅಬ್ಬಾಗೆ ಔಷಧಿ ಬೇಕು. ಓದೋದನ್ನ ರಾತ್ರಿ ಓದ್ತೀನಿ."

ಕೇಂದ್ರದವರು ಆ ಪ್ರಮಾಣಪತ್ರವನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡರು. ಹದಿನಾರು ವರ್ಷ, ಸರಿಯಾಗಿದೆ ಎಂದರಂತೆ. ಅದೇ ಕಾಗದ, ಅದೇ ಮೊಹರು.

ರಾತ್ರಿ ಓದಲು ಅವಳಿಂದ ಆಗಲಿಲ್ಲ. ಹೊಸಬರ ಕೈ ಎರಡು ತಿಂಗಳು ರಕ್ತ ಸುರಿಸುತ್ತದೆ. ನನ್ನ ಅಂಗಳಕ್ಕೆ ಬಂದವಳು ರೇಖಾಗಣಿತದ ಮೇಲೇ ತಲೆಯಿಟ್ಟು ನಿದ್ದೆಹೋಗುತ್ತಿದ್ದಳು. ಉಳಿದ ಇಬ್ಬರು ಹುಡುಗಿಯರು ಮೆಲುದನಿಯಲ್ಲಿ ಓದಿಕೊಳ್ಳುತ್ತಿದ್ದರು. ಅವಳನ್ನು ಎಬ್ಬಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಪರೀಕ್ಷೆಯ ದಿನಗಳಿಗೆ ರಜೆ ಕೊಡಿ ಎಂದು ಕೇಂದ್ರದ ಮೇಲ್ವಿಚಾರಕಿಯನ್ನು ನಾನೇ ಹೋಗಿ ಕೇಳಿದೆ. "ಕೊಡಬಾರದು ಅಂತೇನಿಲ್ಲ, ಆದ್ರೆ ಕಲಿಯೋ ಹಂತದಲ್ಲಿ ಬಿಟ್ಟು ಹೋದ್ರೆ ಆ ಜಾಗಕ್ಕೆ ಬೇರೆಯೋಳು ಬರ್ತಾಳೆ. ಗೇಟಿನ ಹೊರಗೆ ನೋಡಿ," ಎಂದಳು. ಗೇಟಿನ ಹೊರಗೆ ಹುಡುಗಿಯರು ಸಾಲಾಗಿ ಕುಳಿತಿದ್ದರು.

ಸುಗ್ರಾಂ ಮಾರ್ಚಿನ ಹೊತ್ತಿಗೆ ಎದ್ದು ಓಡಾಡುವಂತಾದಳು. ಪರೀಕ್ಷೆಯ ಹಿಂದಿನ ಸಂಜೆ ತಾಯಿ ಮಗಳ ಜಗಳ ನನ್ನ ಮನೆಯವರೆಗೂ ಕೇಳಿಸುತ್ತಿತ್ತು.

"ನೀನು ಹೋಗ್ತೀಯ! ನಾನು ಸತ್ತಿದ್ದೀನಾ? ನಾನು ಮತ್ತೆ ಭಟ್ಟಿಗೆ ಹೋಗ್ತೀನಿ!"

"ಹೋಗು, ಈ ಸಲ ನಾಲ್ಕು ಜನ ಸಾಕಾಗಲ್ಲ ಹೊರೋಕೆ, ಆರು ಜನ ಬೇಕು. ಸುಮ್ನಿರಮ್ಮಿ. ಓದಿದ್ದೆಲ್ಲ ಮರೆತುಹೋಗಿದೆ. ಹೋಗಿ ಅಲ್ಲಿ ಏನು ಬರೀಲಿ? ನಿನ್ನ ಕತೆ ಬರೀಲಾ?"

ಬೆಳಗ್ಗೆ ನಾನು ಟಾಂಗಾ ಮಾಡಿಕೊಂಡು ಉಳಿದ ಇಬ್ಬರನ್ನು ಹತ್ತಿಸಿ ಸುಗ್ರಾಂಳ ಓಣಿಯ ಬಾಯಲ್ಲಿ ನಿಲ್ಲಿಸಿದೆ. ಪರೀಕ್ಷೆಯ ಊರಿಗೆ ದೂರವಿತ್ತು. ಟಾಂಗಾದವನು ಅವಸರ ಮಾಡುತ್ತಿದ್ದ. ಗೋಧಿಯ ಹೊಲಗಳ ಮೇಲೆ ಆಗಷ್ಟೇ ಬೆಳಕು ಹರಿಯುತ್ತಿತ್ತು. ವ್ಯಾನು ಬಂದುಹೋದ ಚಕ್ರದ ಗುರುತು ಕೆಸರಿನಲ್ಲಿ ಹಸಿಯಾಗಿತ್ತು.

ಸುಗ್ರಾಂ ಒಗೆದ ಚಾದರ ಹೊದ್ದು ಹೊರಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು ಇತ್ತು. ತುಪ್ಪದ ವಾಸನೆ ಬಂತು.

"ಹೋದ್ಲಾ?" ಎಂದೆ.

"ಹೂಂ. ನಾನು ಒಲೆ ಮುಂದೆ ಕೂತಿದ್ದೆ. ಅವಳಿಗೇ ಅಂತ ಪರೋಟ ಮಾಡ್ತಿದ್ದೆ, ಮೊಟ್ಟೆ ಹಾಕಿ. ವ್ಯಾನಿನ ಸದ್ದು ಕೇಳಿಸ್ತು, ತಿರುಗಿ ನೋಡೋದ್ರೊಳಗೆ ಚಪ್ಪಲಿ ಇರ್ಲಿಲ್ಲ." ಗಂಟನ್ನು ನನ್ನ ಮಡಿಲಿಗೆ ಇಟ್ಟಳು. "ತಗೊಳ್ಳಿ. ಬರೆಯೋ ಮಕ್ಕಳು ತಿನ್ಲಿ. ಬಿಸಿ ಇರೋವಾಗ್ಲೇ ಕೊಡಿ, ಆರಿದ್ರೆ ಚರ್ಮ ಆಗತ್ತೆ."

ನಾನು ಏನೋ ಹೇಳಲು ಹೊರಟೆ. ಅವಳು ಕುದುರೆಯ ಬೆನ್ನಿಗೆ ತಾನೇ ತಟ್ಟಿದಳು, ಟಾಂಗಾ ಹೊರಟಿತು. ತಿರುಗಿ ನೋಡಿದಾಗ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಹೊಲದ ಹಾದಿಯಲ್ಲಿ ಹುಡುಗಿಯರಿಬ್ಬರೂ ಗಂಟು ಬಿಚ್ಚಿದರು. ಹಸಿದಿದ್ದರು, ಸೂತ್ರಗಳನ್ನು ಬಾಯಿಪಾಠ ಹೇಳುತ್ತಲೇ ತಿಂದರು. ಒಬ್ಬಳು ಎಣ್ಣೆಬೆರಳು ನೆಕ್ಕುತ್ತಾ, "ತುಂಬಾ ಚೆನ್ನಾಗಿದೆ ಉಸ್ತಾನಿ ಜೀ. ರಿಫತ್ ಮಾಡಿದ್ದಾ?" ಎಂದು ಕೇಳಿದಳು.

"ಅಲ್ಲ ಮಗು. ಅವಳ ತಾಯಿ ಮಾಡಿದ್ದು," ಎಂದೆ.